ಕೊಂಡ ಆಟ ತೆರೆಯದಿದ್ದರೆ: ಕೊಡಗಿನ ಮಳೆಗಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಜುಲೈ ತಿಂಗಳು, ನಾಪೋಕ್ಲು ಕಡೆ ಮೂರು ದಿನದಿಂದ ಬಿಡದ ಮಳೆ. ಕರೆಂಟ್ ಹೋಗಿ, ಬಂದು, ಮತ್ತೆ ಹೋಗಿ ಈಗಷ್ಟೇ ಬಂದಿದೆ. ಕಂಪ್ಯೂಟರ್ ಆನ್ ಮಾಡಿದರೆ ವಿಂಡೋಸ್ ಬರುತ್ತದೆ, ಆಟ ಮಾತ್ರ ಬರುವುದಿಲ್ಲ. ಆಟದ ಫೈಲುಗಳೆಲ್ಲ ಹಾರ್ಡ್ ಡಿಸ್ಕಿನಲ್ಲೇ ಇವೆ, ದುಡ್ಡು ಕೊಟ್ಟಾಗಿದೆ, ಆಡುವವರೂ ಒಬ್ಬರೇ. ಆದರೂ ಎಲ್ಲೋ ದೂರದ ಸರ್ವರ್ ಒಂದು ‘ಹೂಂ’ ಅನ್ನುವವರೆಗೆ ಬಾಗಿಲು ತೆಗೆಯುವುದಿಲ್ಲ.

ಇಲ್ಲಿ ಬಹುತೇಕರು ಮಾಡುವ ಮೊದಲ ಕೆಲಸ ಎಂದರೆ ಆಟವನ್ನೋ ಅದನ್ನು ತೆರೆದುಕೊಡುವ ಲಾಂಚರ್ ಪ್ರೋಗ್ರಾಮನ್ನೋ ಕಿತ್ತುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದು. ಅದನ್ನು ಕೊನೆಗಿಡಿ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕಿನಲ್ಲಿ 60 ಜಿಬಿ ಆಟವನ್ನು ಮತ್ತೆ ಇಳಿಸಲು ಒಂದು ತಿಂಗಳು ಬೇಕು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಲಾಂಚರ್ ತೆಗೆದರೆ ಅದರೊಳಗೆ ಉಳಿದಿದ್ದ ಲಾಗಿನ್ ಗುರುತೂ ಹೋಗುತ್ತದೆ. ಆಫ್‌ಲೈನ್‌ನಲ್ಲಿ ಆಡಲು ಇದ್ದ ದಾರಿಯೇ ಆ ಗುರುತು. ನೆಟ್ ಇಲ್ಲದ ದಿನ ಅದನ್ನು ಅಳಿಸಿಕೊಂಡವರು ನೆಟ್ ಬರುವವರೆಗೆ ಸುಮ್ಮನೆ ಕೂರಬೇಕು.

ಎಲ್ಲಿ ನಿಂತಿತು?

ಈಗಿನ ಆಟಗಳಿಗೆ ಒಂದರೊಳಗೊಂದು ಬೀಗ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಯೂಬಿಸಾಫ್ಟ್ ಕಂಪನಿಯ ಆಟವೊಂದನ್ನೇ ತೆಗೆದುಕೊಳ್ಳಿ. ಮೊದಲು ಸ್ಟೀಮ್ ಖಾತೆ ತೆರೆಯಬೇಕು, ಅದು ಯೂಬಿಸಾಫ್ಟ್ ಕನೆಕ್ಟ್ ಎಂಬ ಎರಡನೇ ಲಾಂಚರನ್ನು ಎಬ್ಬಿಸಬೇಕು, ಅಲ್ಲಿ ಇನ್ನೊಂದು ಖಾತೆ, ಆಟದೊಳಗೆ ನಕಲು ತಡೆಯುವ ಡೆನ್ಯೂವೋ ಇದ್ದರೆ ಅದರದೊಂದು ಪರೀಕ್ಷೆ. ಇವೆಲ್ಲದರ ಅಡಿಯಲ್ಲಿ ಕಂಪ್ಯೂಟರಿನ ಗಡಿಯಾರ ಮತ್ತು ನೆಟ್ ಇವೆ. ಯಾವ ಬೀಗ ಕಚ್ಚಿಕೊಂಡಿದೆ ಎಂದು ತಿಳಿಯದೆ ಬಾಗಿಲು ಒದ್ದರೆ ಪ್ರಯೋಜನವಿಲ್ಲ.

ಹಾಗಾಗಿ ಮೊದಲು ಸಂದೇಶದ ಫೋಟೋ ತೆಗೆಯಿರಿ, ಕೋಡ್ ಸಂಖ್ಯೆ ಕಾಣುವಂತೆ. ಆಮೇಲೆ ಯಾವ ಕಿಟಕಿಯಲ್ಲಿ ನಿಂತಿತು ಎಂದು ನೋಡಿ. ಸ್ಟೀಮ್‌ನ ಕಿಟಕಿಯೇ ದಾಟಲಿಲ್ಲವೆಂದರೆ ಗಡಿಯಾರ, ನೆಟ್, ಸ್ಟೀಮ್ ಖಾತೆ ಈ ಮೂರರಲ್ಲೊಂದು. ಸ್ಟೀಮ್ ಬಂದು ಎರಡನೇ ಲಾಂಚರಿನಲ್ಲಿ ನಿಂತರೆ ಖಾತೆಗಳ ಜೋಡಣೆಯಲ್ಲಿ ತೊಂದರೆ. ಎರಡೂ ದಾಟಿ, ಆಟದ್ದೇ ಕೋಡ್ ಬಂದರೆ ಅಥವಾ ಕಪ್ಪು ಪರದೆ ಬಂದು ಮುಚ್ಚಿಕೊಂಡರೆ ಯಂತ್ರಕ್ಕೆ ಕಟ್ಟಿದ ಬೀಗ, ಆಂಟಿ-ಚೀಟ್ (ಆಟದಲ್ಲಿ ಮೋಸ ಹಿಡಿಯುವ ಪ್ರೋಗ್ರಾಂ), ಇಲ್ಲವೇ ಕರೆಂಟ್ ಹೋದಾಗ ಕೆಟ್ಟ ಫೈಲು. ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಮೊದಲು ಗಡಿಯಾರ

ಪರದೆಯ ಬಲತುದಿಯಲ್ಲಿ ತಾರೀಖು ನೋಡಿ. ಇಸವಿ 2015, 2019 ಹೀಗೇನಾದರೂ ಇದ್ದರೆ ಬೇರೇನೂ ಹುಡುಕಬೇಕಾಗಿಲ್ಲ. ಲಾಂಚರ್ ತನ್ನ ಸರ್ವರ್ ಜೊತೆ ಮಾತಾಡುವಾಗ ಸರ್ವರ್ ಒಂದು ಸರ್ಟಿಫಿಕೇಟ್ ತೋರಿಸುತ್ತದೆ. ಈ ದಿನದಿಂದ ಆ ದಿನದವರೆಗೆ ಎಂದು ಅದಕ್ಕೊಂದು ಅವಧಿ. ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ 2015 ಆಗಿದ್ದರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಸಂಪರ್ಕ ಅಲ್ಲೇ ಕಡಿಯುತ್ತದೆ, ಪರದೆಯ ಮೇಲೆ ಮಾತ್ರ ‘ನಿಮ್ಮ ನೆಟ್ ಪರೀಕ್ಷಿಸಿ’ ಎಂಬ ದಾರಿತಪ್ಪಿಸುವ ಸಂದೇಶ. ಬ್ರೌಸರಿನಲ್ಲಿ ಯಾವ ಸೈಟ್ ತೆರೆದರೂ ಸುರಕ್ಷತೆಯ ಎಚ್ಚರಿಕೆ ಬರುತ್ತಿದ್ದರೆ ಅನುಮಾನವೇ ಬೇಡ.

ತಾರೀಖು ಹಿಂದಕ್ಕೆ ಓಡುವುದು ಮದರ್‌ಬೋರ್ಡಿನ ಬಿಲ್ಲೆಯಂಥ ಸೆಲ್ ಸತ್ತಾಗ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, 3 ವೋಲ್ಟಿನದು. ಸಾಕೆಟಿನಲ್ಲಿ ಕರೆಂಟ್ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ, ಗಡಿಯಾರಕ್ಕೆ ಬೇಕಾದ ಶಕ್ತಿ ಪವರ್ ಸಪ್ಲೈನಿಂದಲೇ ಸಿಗುತ್ತದೆ. ಅದಕ್ಕೇ ನಗರದಲ್ಲಿ ವರ್ಷಗಟ್ಟಲೆ ಗೊತ್ತೇ ಆಗದ ಈ ದೋಷ, ಭಾಗಮಂಡಲದಲ್ಲೋ ಚೇರಂಬಾಣೆಯಲ್ಲೋ ಎರಡು ದಿನ ಕರೆಂಟ್ ಹೋದ ಕೂಡಲೇ ಬಯಲಾಗುತ್ತದೆ. ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುವ ಮನೆಗಳಲ್ಲಂತೂ ಸೆಲ್ ಬೇಗ ಸವೆಯುತ್ತದೆ. ಪ್ಲಗ್ ಕೀಳುವುದನ್ನು ಅದಕ್ಕಾಗಿ ಬಿಡಬೇಡಿ; ಸೆಲ್ ನೂರು ರೂಪಾಯಿಯೊಳಗೆ ಸಿಗುತ್ತದೆ, ಮದರ್‌ಬೋರ್ಡ್ ಸಿಗುವುದಿಲ್ಲ.

ಬದಲಿಸುವುದು ಹತ್ತು ನಿಮಿಷದ ಕೆಲಸ. ಪವರ್ ಕಾರ್ಡ್ ಕಿತ್ತು, ಆನ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಖಾಲಿ ಮಾಡಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಪಕ್ಕದ ಕೊಕ್ಕೆ ಒತ್ತಿದರೆ ಸೆಲ್ ಎದ್ದು ಬರುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆಯಿರಿ: 2.7 ವೋಲ್ಟಿಗಿಂತ ಕೆಳಗಿದ್ದರೆ ಎಸೆಯುವುದೇ ಸರಿ. ಆಮೇಲೆ ಬಯೋಸ್‌ಗೆ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಕ್ಕೆ) ಹೋಗಿ ತಾರೀಖು, ಸಮಯ ಹಾಕಿ. ಅಲ್ಲಿರುವಾಗಲೇ ಸಾಟಾ ಮೋಡ್ (ಡಿಸ್ಕ್ ಜೋಡಣೆಯ ಬಗೆ), ಸೆಕ್ಯೂರ್ ಬೂಟ್ (ಏಳುವ ವಿಂಡೋಸ್ ಸಾಚಾವೋ ಎಂಬ ಪರೀಕ್ಷೆ), ಟಿಪಿಎಂ (ಭದ್ರತೆಯ ಚಿಪ್) ಈ ಮೂರನ್ನೂ ನೋಡಿಕೊಳ್ಳಿ. ಸೆಲ್ ಸತ್ತಾಗ ಹಲವು ಬೋರ್ಡುಗಳಲ್ಲಿ ಇವೂ ಕಾರ್ಖಾನೆಯ ಸ್ಥಿತಿಗೆ ಹಿಂದಿರುಗಿರುತ್ತವೆ. ಇದರ ಪರಿಣಾಮ ಆಂಟಿ-ಚೀಟ್ ಭಾಗದಲ್ಲಿ ಸಿಗುತ್ತದೆ.

ಇನ್ನೊಂದು ಮೋಸದ ಗುಂಡಿ ಟೈಮ್ ಝೋನ್. ವಿಂಡೋಸ್ ಹೊಸದಾಗಿ ಹಾಕಿದ ಕಂಪ್ಯೂಟರ್ ಅಮೆರಿಕದ ಪೆಸಿಫಿಕ್ ಸಮಯದಲ್ಲೇ ಉಳಿದಿರುತ್ತದೆ, ಯಾರೋ ಗಡಿಯಾರದ ಮುಳ್ಳನ್ನಷ್ಟೇ ನಮ್ಮ ಸಮಯಕ್ಕೆ ತಿರುಗಿಸಿರುತ್ತಾರೆ. ಕಣ್ಣಿಗೆ ಎಲ್ಲ ಸರಿ. ಒಳಗಿನ ಜಾಗತಿಕ ಸಮಯ ಮಾತ್ರ ಹನ್ನೆರಡೂವರೆ–ಹದಿಮೂರೂವರೆ ಗಂಟೆ ತಪ್ಪು. ಸೈಟುಗಳು ತೆರೆಯುತ್ತವೆ, ಲಾಗಿನ್ ಮಾತ್ರ ಮತ್ತೆ ಮತ್ತೆ ಹೊರಗೆ ತಳ್ಳುತ್ತದೆ. ಮೊದಲು ಟೈಮ್ ಝೋನನ್ನು 5:30 ಮುಂದಿರುವ ಚೆನ್ನೈ–ಕೋಲ್ಕತ್ತಾ–ಮುಂಬೈ–ನವದೆಹಲಿ ಸಾಲಿಗೆ ತನ್ನಿ, ಆಮೇಲೆ ‘ಸಿಂಕ್ ನೌ’ ಒತ್ತಿ. ಅನುಕ್ರಮ ತಿರುಗಿಸಬೇಡಿ.

ನೆಟ್ ಇದೆಯೋ, ಇದ್ದಂತೆ ಕಾಣುತ್ತಿದೆಯೋ

ಫೈಬರ್ ಇರುವ ಮನೆಯಲ್ಲಿ ಮೊದಲು ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯ ದೀಪಗಳನ್ನು ನೋಡಿ. ಎಲ್‌ಓಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಮನೆ ತಲುಪುತ್ತಿಲ್ಲ. ತೋಟದಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದಿರಬಹುದು, ಮಂಗ ಕೇಬಲ್ ಕಚ್ಚಿರಬಹುದು. ಮನೆಯೊಳಗಿನ ತೆಳು ಹಳದಿ ಕೇಬಲ್ ಚೂಪಾಗಿ ಮಡಚಿಲ್ಲವೆಂದು, ಕನೆಕ್ಟರ್ ಪೂರ್ತಿ ಕೂತಿದೆಯೆಂದು ಮಾತ್ರ ನೋಡಿ. ಅದರ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ, ಆ ಬೆಳಕು ಕಾಣದಿದ್ದರೂ ಲೇಸರ್. ಆಮೇಲಿನದು ಲೈನ್‌ಮ್ಯಾನ್ ಕೆಲಸ. ಪಿಓಎನ್ ದೀಪ ಹಸಿರಾಗಿ ನಿಂತಿದ್ದು ಇಂಟರ್ನೆಟ್ ದೀಪ ಮಾತ್ರ ಇಲ್ಲವೆಂದರೆ ಪೆಟ್ಟಿಗೆಯನ್ನು ಒಂದು ನಿಮಿಷ ಆಫ್ ಮಾಡಿ ಹಾಕಿ ನೋಡಿ. ಮನೆಯ ಯುಪಿಎಸ್ ರೂಟರನ್ನು ಬದುಕಿಸಿಟ್ಟರೂ ಆ ಕಡೆಯ ಎಕ್ಸ್‌ಚೇಂಜಿನ ಬ್ಯಾಟರಿ ಮುಗಿದಿದ್ದರೆ ಬೆಳಕೇ ಬರದೆ ಎಲ್‌ಓಎಸ್ ದೀಪ ಕೆಂಪಾಗುತ್ತದೆ.

ದೀಪಗಳೆಲ್ಲ ಸರಿ ಇದ್ದೂ ಲಾಗಿನ್ ಆಗದಿದ್ದರೆ ಅತ್ಯಂತ ಉಪಯುಕ್ತ ಪರೀಕ್ಷೆ ಮೊಬೈಲ್ ಹಾಟ್‌ಸ್ಪಾಟ್. ಲಾಗಿನ್‌ಗೆ ಬೇಕಾಗುವ ಡೇಟಾ ತೀರಾ ಕಡಿಮೆ, ಆದರೆ ಸಂಪರ್ಕ ಸಿಕ್ಕಿದ ಕೂಡಲೇ ಸ್ಟೀಮ್ ಮತ್ತು ವಿಂಡೋಸ್ ಎರಡೂ ಅಪ್‌ಡೇಟ್ ಎಳೆಯಲು ಹಸಿದು ಕೂತಿರುತ್ತವೆ. ಮೊದಲೇ ಆ ವೈಫೈಯನ್ನು ವಿಂಡೋಸ್‌ನಲ್ಲಿ ‘ಮೀಟರ್ಡ್’ (ಡೇಟಾ ಮಿತಿಯಿರುವುದು) ಎಂದು ಗುರುತಿಸಿ. ಸ್ಟೀಮ್ ತೆರೆದ ತಕ್ಷಣ ಡೌನ್‌ಲೋಡ್ ನಿಲ್ಲಿಸಿ. ಮೊಬೈಲ್ ನೆಟ್‌ನಲ್ಲಿ ಆಟ ತೆರೆಯಿತೆಂದರೆ ದೋಷ ಮನೆಯ ಲೈನಿನಲ್ಲಿ. ಎರಡರಲ್ಲೂ ತೆರೆಯದಿದ್ದರೆ ಗಡಿಯಾರ, ಖಾತೆ ಅಥವಾ ಸರ್ವರ್.

ಮನೆಯ ಲೈನಿನಲ್ಲಿ ಕೆಲವು ಸೈಟ್ ತೆರೆದು, ಲಾಂಚರಿನ ಲಾಗಿನ್ ಕಿಟಕಿ ಮಾತ್ರ ಬಿಳಿಯಾಗಿ ತಿರುಗುತ್ತಾ ಕೂತರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಅನುಮಾನಿಸಿ. ಯೂಸರ್ ಹೆಸರು, ಪಾಸ್‌ವರ್ಡ್ ಹಾಕಿ ಏಳುವ ಪಿಪಿಪಿಓಇ ಸಂಪರ್ಕದಲ್ಲಿ ಅದು 1500 ಅಲ್ಲ, 1492 ಬೈಟ್. ರೂಟರಿನಲ್ಲಿ 1500 ಎಂದೇ ಉಳಿದಿದ್ದರೆ ದೊಡ್ಡ ಪ್ಯಾಕೆಟ್ಟುಗಳು ದಾರಿಯಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತವೆ, ಸಣ್ಣವು ದಾಟುತ್ತವೆ. ಪರೀಕ್ಷೆಗೆ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಆಜ್ಞೆಗೆ ತುಂಡರಿಸಬೇಡವೆನ್ನುವ ಎಫ್ ಆಯ್ಕೆ, ಗಾತ್ರ ಹೇಳುವ ಎಲ್ ಆಯ್ಕೆ ಸೇರಿಸಿ 1.1.1.1ಕ್ಕೆ ಕಳಿಸಿ (ping -f -l 1472 1.1.1.1). 1472 ಹೋಗದೆ 1464 ಹೋದರೆ ಲೆಕ್ಕ ಸರಿ: 1464ಕ್ಕೆ ತಲೆಬರಹದ 28 ಸೇರಿದರೆ 1492. ರೂಟರಿನ ವ್ಯಾನ್ (WAN, ಹೊರಗಿನ ಸಂಪರ್ಕದ) ಪುಟದಲ್ಲಿ ಆ ಸಂಖ್ಯೆ ಹಾಕಿ. 1464 ಕೂಡ ಹೋಗದಿದ್ದರೆ ಹತ್ತತ್ತು ಇಳಿಸುತ್ತಾ ಹೋಗಿ, ದಾಟಿದ ಸಂಖ್ಯೆಗೆ 28 ಕೂಡಿಸಿ.

ಎಲ್ಲ ಸರಿ ಇದ್ದೂ ಸ್ಟೀಮ್ ಸಿಗುತ್ತಿಲ್ಲ, ಹೊತ್ತು ಬುಧವಾರ ನಸುಕು ಎಂದಾದರೆ ಏನೂ ಮುಟ್ಟಬೇಡಿ. ಅಮೆರಿಕದ ಮಂಗಳವಾರ ಸ್ಟೀಮ್ ಸರ್ವರುಗಳಿಗೆ ವಾರದ ನಿರ್ವಹಣೆ ನಡೆಯುತ್ತದೆ, ನಮಗೆ ಆಗ ಬೆಳಗಿನ ಜಾವ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಮುಗಿಯುತ್ತದೆ.

ಖಾತೆಯ ಗೋಜಲು

ಸ್ಟೀಮ್‌ನಲ್ಲಿ ಇ84 ಎಂಬ ಕೋಡ್ ಬಂದರೆ ಅರ್ಥ, ನಿಮ್ಮ ನೆಟ್‌ವರ್ಕಿನಿಂದ ತುಂಬಾ ಲಾಗಿನ್ ಪ್ರಯತ್ನ ಆಗಿದೆ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಬಹಳ ಗ್ರಾಹಕರಿಗೆ ಹಂಚುವುದರಿಂದ ತಪ್ಪು ನಿಮ್ಮದಾಗಿರಲೇಬೇಕೆಂದಿಲ್ಲ. ಮತ್ತೆ ಮತ್ತೆ ಒತ್ತಿದರೆ ಕಾಯುವ ಹೊತ್ತು ಬೆಳೆಯುತ್ತದಷ್ಟೆ. ಒಂದು ಗಂಟೆ ಬಿಡಿ, ಇಲ್ಲವೇ ಬೇರೆ ಕಂಪನಿಯ ಸಿಮ್‌ನಿಂದ ಪ್ರಯತ್ನಿಸಿ.

ಓಟಿಪಿಯದು ನಮ್ಮ ಊರುಗಳದ್ದೇ ವಿಶೇಷ ಕಷ್ಟ. ಕಂಪ್ಯೂಟರ್ ಮನೆಯೊಳಗೆ, ಸಿಗ್ನಲ್ ತೋಟದ ಗೇಟಿನ ಹತ್ತಿರ. ಎಸ್ಸೆಮ್ಮೆಸ್ ಹಿಡಿದು ಓಡಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪರಿಹಾರ ಅಥೆಂಟಿಕೇಟರ್ ಆ್ಯಪ್. ಸ್ಟೀಮ್ ಆ್ಯಪ್‌ನಲ್ಲಿರುವ ಸ್ಟೀಮ್ ಗಾರ್ಡ್‌ನ ಐದಕ್ಷರದ ಕೋಡ್ 30 ಸೆಕೆಂಡಿಗೊಮ್ಮೆ ಫೋನಿನಲ್ಲೇ ತಯಾರಾಗುತ್ತದೆ, ಅದಕ್ಕೆ ಸಿಗ್ನಲ್ ಬೇಕಿಲ್ಲ. ಸಿಗ್ನಲ್ ಬೇಕಾಗುವುದು ‘ಅಪ್ರೂವ್ ಮಾಡಿ’ ಎಂದು ಫೋನಿಗೆ ಬರುವ ಸೂಚನೆಗೆ. ಆದ್ದರಿಂದ ಲಾಗಿನ್ ಪುಟದಲ್ಲಿ ಕೋಡ್ ಹಾಕುವ ಆಯ್ಕೆಯನ್ನೇ ಹಿಡಿಯಿರಿ. ಕೋಡ್ ಸರಿಯಾಗಿ ಹಾಕಿದರೂ ತಪ್ಪು ಅನ್ನುತ್ತಿದ್ದರೆ ಫೋನಿನ ಸಮಯ ಕೈಯಿಂದ ಇಟ್ಟದ್ದೋ ನೋಡಿ, ‘ಆಟೋಮ್ಯಾಟಿಕ್’ ಮಾಡಿ. ಇಲ್ಲೂ ಗಡಿಯಾರವೇ.

ಆ್ಯಪ್ ಕೊಡುವ ರಿಕವರಿ ಕೋಡನ್ನು (ಸ್ಟೀಮ್‌ನದ್ದು ಆರ್ ಅಕ್ಷರದಿಂದ ಶುರುವಾಗುತ್ತದೆ) ಕಾಗದದಲ್ಲಿ ಬರೆದು, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಇಡಿ. ಮಳೆಗಾಲದ ತೇವಕ್ಕೆ ಬರೀ ಕಾಗದದ ಶಾಯಿ ಉಳಿಯುವುದಿಲ್ಲ. ಫೋನ್ ನೀರಿಗೆ ಬಿದ್ದ ದಿನ ಈ ಚೀಟಿ ಬೇಕಾಗುತ್ತದೆ. ಹಾಸ್ಟೆಲಿನಲ್ಲಿದ್ದಾಗ ತೆಗೆದ ಸಿಮ್‌ಗೆ ಖಾತೆ ಕಟ್ಟಿದ್ದರೆ ಇವತ್ತೇ ಬದಲಿಸಿ. 90 ದಿನ ಬಳಸದೆ ಬಿಟ್ಟ ನಂಬರ್ ರದ್ದಾಗಿ ಮುಂದೆ ಇನ್ನೊಬ್ಬರ ಕೈಗೆ ಹೋಗಬಹುದು.

‘ಈ ಆಟ ನಿಮ್ಮ ಬಳಿ ಇಲ್ಲ’ ಎಂದು ಎರಡನೇ ಲಾಂಚರ್ ಹೇಳುವುದು ಸಾಮಾನ್ಯವಾಗಿ ತಪ್ಪು ಖಾತೆಯಿಂದ. ಅಣ್ಣ ಒಂದು ಆಟಕ್ಕೆಂದು ಇಎ ಕಂಪನಿಯ ಲಾಂಚರಾದ ಇಎ ಆ್ಯಪಿನಲ್ಲಿ ಲಾಗಿನ್ ಆಗಿದ್ದ, ತಮ್ಮನ ಸ್ಟೀಮ್ ಅದೇ ಖಾತೆಯನ್ನು ಹಿಡಿದುಕೊಂಡಿತು. ಇಲ್ಲಿ ಮಾಡಬಾರದ್ದು ಹೊಸ ಖಾತೆ ತೆರೆಯುವುದು. ಸ್ಟೀಮ್ ಖಾತೆ ಒಮ್ಮೆ ಹೊಸದಕ್ಕೆ ಜೋಡಿಕೊಂಡರೆ ಬಿಡಿಸಲು ಸಪೋರ್ಟಿಗೆ ಬರೆದು ಕಾಯಬೇಕಾಗುತ್ತದೆ, ಆಡಿ ಗಳಿಸಿದ್ದೆಲ್ಲ ಹಳೆಯದರಲ್ಲೇ ಉಳಿಯುತ್ತದೆ. ಬದಲಿಗೆ ನಿಮ್ಮ ಎಲ್ಲ ಇಮೇಲ್‌ಗಳಲ್ಲಿ ಆ ಕಂಪನಿಯ ಹೆಸರು ಹುಡುಕಿ. ಮೊದಲ ಸ್ವಾಗತ ಪತ್ರ ಬಂದ ವಿಳಾಸವೇ ಸರಿಯಾದ ಖಾತೆ. ಎರಡನೇ ಲಾಂಚರಿನಿಂದ ಸೈನ್ ಔಟ್ ಆಗಿ, ಆ ಖಾತೆಯಿಂದ ಒಳಬನ್ನಿ.

ಖಾತೆ ಕಳುವಾಗಿದ್ದರೆ ಆಟ ಬಿಟ್ಟು ಮೊದಲು ಇಮೇಲ್ ಪಾಸ್‌ವರ್ಡ್ ಬದಲಿಸಿ, ಅದೂ ಬೇರೆ ಯಂತ್ರದಿಂದ. ಸಪೋರ್ಟ್ ಕೇಳುವುದು ಖರೀದಿಯ ಪುರಾವೆ: ಆಕ್ಟಿವೇಷನ್ ಕೀ, ಪಾವತಿಯ ವಹಿವಾಟು ಸಂಖ್ಯೆ. ಖರೀದಿಯ ಇಮೇಲ್‌ಗಳನ್ನು ಅಳಿಸದಿರುವುದು ಇದಕ್ಕೇ. ಖಾತೆ ಕೈಗೆ ಬಂದ ಮೇಲೆ ಉಳಿದೆಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ‘ನಮ್ಮ ತಂಡಕ್ಕೆ ಓಟ್ ಹಾಕಿ’ ಎಂದು ಡಿಸ್ಕಾರ್ಡಿನಲ್ಲಿ ಬರುವ ಲಿಂಕಿನ ಲಾಗಿನ್ ಕಿಟಕಿ ನಕಲಿ. ಕಳುವಾಗುವುದು ಹೆಚ್ಚಾಗಿ ಹೀಗೆಯೇ.

ಯಂತ್ರಕ್ಕೆ ಕಟ್ಟಿದ ಬೀಗ

ಮಾರ್ಚ್–ಏಪ್ರಿಲ್‌ನ ಹೂಮಳೆ ಕಾಫಿಗೆ ವರ, ಲ್ಯಾನ್ ಪೋರ್ಟಿಗೆ ಶಾಪ. ಸಿಡಿಲಿನ ಹೊಡೆತ ತಾಮ್ರದ ಕೇಬಲ್ ಹಿಡಿದು ಬಂದು ಪೋರ್ಟನ್ನೋ ಇಡೀ ಬೋರ್ಡನ್ನೋ ಸುಡುತ್ತದೆ. ಬೋರ್ಡ್ ಬದಲಿಸಿದಿರಿ ಎಂದುಕೊಳ್ಳಿ. ನಿಮಗೆ ಅದೇ ಕಂಪ್ಯೂಟರ್, ಅದೇ ಹಾರ್ಡ್ ಡಿಸ್ಕ್. ಡೆನ್ಯೂವೋಗೆ ಮಾತ್ರ ಅದು ಅಪರಿಚಿತ ಯಂತ್ರ. ಮೊದಲ ಸಲ ತೆರೆದಾಗ ಅದು ಯಂತ್ರದ ಭಾಗಗಳ ಗುರುತು ಪಡೆದು, ಸರ್ವರಿನಿಂದ ಒಂದು ಟೋಕನ್ ತಂದು ಇಟ್ಟುಕೊಂಡಿರುತ್ತದೆ. ಭಾಗ ಬದಲಾದರೆ ಟೋಕನ್ ಹೊಂದುವುದಿಲ್ಲ. ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದರೂ ಹೊಸದು ಬೇಕಾಗಬಹುದು. ಪರಿಹಾರ ಸರಳ: ನೆಟ್ ಇರುವಾಗ ಒಮ್ಮೆ ತೆರೆಯಿರಿ.

ತೊಡಕು ರಿಪೇರಿ ಅಂಗಡಿಯಲ್ಲಿ ಹುಟ್ಟುತ್ತದೆ. ಡೆನ್ಯೂವೋ ಇರುವ ಹಲವು ಆಟಗಳಿಗೆ ಒಂದು ದಿನದಲ್ಲಿ 5 ಬೇರೆ ಬೇರೆ ಯಂತ್ರ ಎಂಬ ಮಿತಿ ಇದೆ. ಪ್ರೊಸೆಸರ್, ಬೋರ್ಡ್ ಬದಲಿಸಿ ಬದಲಿಸಿ ಪ್ರತಿಸಲವೂ ಅದೇ ಆಟ ತೆರೆದು ನೋಡಿದರೆ ಐದು ಬೇಗ ಮುಗಿದು, 24 ಗಂಟೆ ಬಾಗಿಲು ಬಂದ್. ಲಿನಕ್ಸ್‌ನಲ್ಲಿ ವಿಂಡೋಸ್ ಆಟ ಓಡಿಸುವ ಪ್ರೋಟಾನ್‌ನ ಆವೃತ್ತಿ ಬದಲಿಸಿದರೂ ಬೇರೆ ಯಂತ್ರವೆಂದೇ ಲೆಕ್ಕ. ಕುಶಾಲನಗರದ ಅಂಗಡಿಗೆ ಕ್ಯಾಬಿನೆಟ್ ಹೊತ್ತೊಯ್ಯುವಾಗ ಪರೀಕ್ಷೆಗೆ ಡೆನ್ಯೂವೋ ಇಲ್ಲದ ಆಟ ಬಳಸಿ ಎಂದು ಹೇಳಿಬಿಡಿ.

2021ರಲ್ಲಿ ಬಂದ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರುಗಳಲ್ಲಿ ಎರಡು ಬಗೆಯ ಕೋರ್ ಇರುವುದರಿಂದ, ಕೆಲವು ಆಟಗಳ ಬೀಗ ಒಂದೇ ಚಿಪ್ಪನ್ನು ಎರಡು ಯಂತ್ರವೆಂದು ತಿಳಿದದ್ದುಂಟು. ಬಹುತೇಕ ಆಟಗಳಿಗೆ ತಿದ್ದುಪಡಿ ಬಂದಿದೆ. ಹಳೆಯ ಆವೃತ್ತಿಯಲ್ಲೇ ಉಳಿದ ಆಟವಾದರೆ ಬಯೋಸ್‌ನಲ್ಲಿ ‘ಲೆಗಸಿ ಗೇಮ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ, ಆಟದ ಮೊದಲು ಸ್ಕ್ರೋಲ್ ಲಾಕ್ ಒತ್ತಿ. ಅದೇ ವರ್ಷದ ನವೆಂಬರ್‌ನಲ್ಲಿ ಡೆನ್ಯೂವೋ ಬಳಸುತ್ತಿದ್ದ ಒಂದು ಡೊಮೈನ್ ಹೆಸರು ಕೆಲಸ ನಿಲ್ಲಿಸಿ, ದುಡ್ಡು ಕೊಟ್ಟವರ ಆಟಗಳೂ ತೆರೆಯದೆ ಹೋದವು. ಕಾವಲುಗಾರನೇ ಕೀಲಿಕೈ ಕಳೆದುಕೊಂಡರೆ ಮನೆಯವರು ಮಾಡುವುದೇನು?

ಕರೆಂಟ್ ಹೋದಾಗ ಬರೆಯುತ್ತಿದ್ದ ಫೈಲು ಕೆಟ್ಟಿದ್ದರೂ ಬೀಗವೇ ಕೆಟ್ಟಂತೆ ಕಾಣುತ್ತದೆ. ಸ್ಟೀಮ್‌ನಲ್ಲಿ ಆಟದ ಮೇಲೆ ಬಲಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ ‘ಇನ್‌ಸ್ಟಾಲ್ಡ್ ಫೈಲ್ಸ್’ನಲ್ಲಿ ಫೈಲುಗಳ ಸಾಚಾತನ ಪರೀಕ್ಷಿಸುವ ಗುಂಡಿ ಒತ್ತಿ, ಕೆಟ್ಟವಷ್ಟನ್ನೇ ಮತ್ತೆ ಇಳಿಸುತ್ತದೆ. ಸ್ಟೀಮ್ ಪ್ರೋಗ್ರಾಮೇ ಕೆಟ್ಟಿದ್ದರೆ ಅದರ ಫೋಲ್ಡರಿನಲ್ಲಿ ಸ್ಟೀಮ್‌ಆ್ಯಪ್ಸ್, ಯೂಸರ್‌ಡೇಟಾ ಎಂಬ ಎರಡು ಫೋಲ್ಡರ್ ಮತ್ತು ಸ್ಟೀಮ್‌ನ ಮುಖ್ಯ ಫೈಲ್ ಉಳಿಸಿ ಮಿಕ್ಕಿದ್ದು ಅಳಿಸಿದರೆ ಹೊಸದಾಗಿ ಕಟ್ಟಿಕೊಳ್ಳುತ್ತದೆ, ಆಟಗಳು ಉಳಿಯುತ್ತವೆ. ಇದನ್ನು ನೆಟ್ ಇರುವಾಗ ಮಾತ್ರ ಮಾಡಿ. ಕ್ಲೌಡ್ ಸೇವ್‌ಗೂ (ಸರ್ವರಿನಲ್ಲಿ ಉಳಿದ ಆಟದ ಸ್ಥಿತಿಗೂ) ಕಂಪ್ಯೂಟರಿನ ಸೇವ್‌ಗೂ ತಾಳೆ ಇಲ್ಲ ಎಂಬ ಪ್ರಶ್ನೆ ಬಂದಾಗ ಅಲ್ಲಿ ಕಾಣುವ ತಾರೀಖನ್ನು ನಂಬುವ ಮೊದಲು ಸೆಲ್ ಸತ್ತಿತ್ತೇ ಎಂದು ನೆನೆಯಿರಿ. 2015ರ ಸೇವ್ ನಿನ್ನೆ ರಾತ್ರಿಯದೇ ಆಗಿರಬಹುದು. ಆಯ್ಕೆ ಒತ್ತುವ ಮೊದಲು ಸೇವ್ ಫೋಲ್ಡರಿನ ಒಂದು ಪ್ರತಿ ಬೇರೆಡೆ ಇಡಿ.

ಆಂಟಿ-ಚೀಟ್

ವ್ಯಾಲೊರಂಟ್ ಆಟ ವಿಂಡೋಸ್ 11ರಲ್ಲಿ ವ್ಯಾನ್ (VAN) 9001 ಅಥವಾ 9003 ಎಂಬ ಕೋಡ್ ತೋರಿಸಿದರೆ ಅದು ಕೇಳುತ್ತಿರುವುದು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್. ನಿನ್ನೆವರೆಗೆ ಓಡಿ ಇವತ್ತು ನಿಂತಿತೆಂದರೆ ಸೆಲ್ ಸತ್ತು ಬಯೋಸ್ ಹಿಂದಿರುಗಿರಬೇಕು. ಆನ್ ಮಾಡುವ ಮೊದಲು ಎರಡು ಎಚ್ಚರ. ಡಿಸ್ಕನ್ನು ಭಾಗ ಮಾಡಿದ ಬಗೆ ಜಿಪಿಟಿ ಮಾದರಿಯದೋ ಎಂದು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿ, ಹಳೆಯ ಎಂಬಿಆರ್ ಆಗಿದ್ದು ಸಿಎಸ್‌ಎಂ (ಬಯೋಸ್‌ನ ಹಳೆಯ ಬಗೆಯ ಬೂಟ್ ಸೌಲಭ್ಯ) ಆಫ್ ಮಾಡಿದರೆ ವಿಂಡೋಸೇ ಏಳುವುದಿಲ್ಲ. ಡಿಸ್ಕಿಗೆ ವಿಂಡೋಸ್ ಹಾಕುವ ಬಿಟ್‌ಲಾಕರ್ ಬೀಗ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡೇ ಬಯೋಸ್ ಮುಟ್ಟಿ.

ಬೂಷ್ಟು ಹಿಡಿದ ಡಿಸ್ಕು, ಸತ್ತ ಸರ್ವರು

ಕಪಾಟಿನಲ್ಲಿಟ್ಟ ಹಳೆಯ ಡಿವಿಡಿಗಳಿಗೆ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಚಪ್ಪಲಿಗೆ ಹಿಡಿದ ಹಾಗೆಯೇ ಬೂಷ್ಟು ಹಿಡಿಯುತ್ತದೆ. ಮೃದು ಬಟ್ಟೆ ಸ್ವಲ್ಪ ಒದ್ದೆ ಮಾಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ವೃತ್ತಾಕಾರದಲ್ಲಿ ಉಜ್ಜಿದರೆ ಗೀರು ಡೇಟಾದ ಜಾಡಿನ ಉದ್ದಕ್ಕೂ ಬೀಳುತ್ತದೆ. ಡಿಸ್ಕ್ ಚೊಕ್ಕಟವಾಗಿದ್ದು ಫೈಲುಗಳು ಕಾಣುತ್ತಿದ್ದೂ ಆಟ ‘ಮೂಲ ಡಿಸ್ಕ್ ಹಾಕಿ’ ಅನ್ನುತ್ತಿದ್ದರೆ ಕಾರಣ ಬೇರೆ. ಹಳೆಯ ಡಿಸ್ಕುಗಳ ಸೇಫ್‌ಡಿಸ್ಕ್ ಎಂಬ ಬೀಗಕ್ಕೆ ಬೇಕಾದ ಡ್ರೈವರನ್ನು 2015ರ ವಿಂಡೋಸ್ 10ರಲ್ಲಿ ಭದ್ರತೆಯ ಕಾರಣಕ್ಕೆ ಕೈಬಿಡಲಾಯಿತು. ಡಿಸ್ಕನ್ನು ಎಷ್ಟು ಒರೆಸಿದರೂ ಫಲವಿಲ್ಲ. ಅದೇ ಆಟ 2008ರಲ್ಲಿ ಶುರುವಾದ ಗಾಗ್ ಅಂಗಡಿಯಲ್ಲಿ ಬೀಗವಿಲ್ಲದೆ ಸಿಗುತ್ತದೋ ನೋಡುವುದೇ ಒಳ್ಳೆಯ ದಾರಿ.

ಸೆಕ್ಯುರಾಮ್ ಎಂಬ ಇನ್ನೊಂದು ಬೀಗದ ಕಾಲದ ಆಟಗಳಿಗೆ ಇನ್‌ಸ್ಟಾಲ್ ಲೆಕ್ಕ ಇತ್ತು. 2008ರ ಸ್ಪೋರ್ ಆಟಕ್ಕೆ ಮೊದಲು 3 ಯಂತ್ರಗಳ ಮಿತಿ, ಜನ ರೊಚ್ಚಿಗೆದ್ದ ಮೇಲೆ 5. ಅಂಥ ಡಿಸ್ಕ್ ಇನ್ನೂ ಬಳಸುವವರು ವಿಂಡೋಸ್ ಮತ್ತೆ ಹಾಕುವ ಮೊದಲು ಆಟದ ಅನುಮತಿ ಹಿಂದಿರುಗಿಸುವ ಸೌಲಭ್ಯವಿದ್ದರೆ ಬಳಸಿಕೊಳ್ಳಬೇಕು. ‘ಎಕ್ಸ್‌ಲೈವ್’ ಫೈಲ್ ಸಿಗುತ್ತಿಲ್ಲ ಎಂಬ ಸಂದೇಶ ಬಂದರೆ ಅದು ಗೇಮ್ಸ್ ಫಾರ್ ವಿಂಡೋಸ್ ಲೈವ್ ಎಂಬ ಮೈಕ್ರೋಸಾಫ್ಟಿನ ಹಳೆಯ ಬೀಗದ ಉಳಿಕೆ. ಅದರ ಅಂಗಡಿ 2013ರ ಆಗಸ್ಟಿನಲ್ಲೇ ಮುಚ್ಚಿತು. ಆ ಫೈಲನ್ನು ಸಿಕ್ಕ ಸಿಕ್ಕ ಸೈಟಿನಿಂದ ಇಳಿಸಬೇಡಿ. ಜಿಟಿಎ 4ರಿಂದ 2020ರಲ್ಲಿ, ಫಾಲ್‌ಔಟ್ 3ರಿಂದ 2021ರಲ್ಲಿ ಆ ಬೀಗವನ್ನು ಅಧಿಕೃತವಾಗಿಯೇ ತೆಗೆದಿದ್ದಾರೆ, ಸ್ಟೀಮ್‌ನ ಈಗಿನ ಆವೃತ್ತಿ ಹಾಕಿದರೆ ಮುಗಿಯಿತು. ಕಂಪ್ಯೂಟರೇ ವಿಂಡೋಸ್ 7 ಅಥವಾ 8ರದಾದರೆ 2024ರ ಜನವರಿ 1ರಿಂದ ಸ್ಟೀಮ್ ಅದಕ್ಕೆ ಬೆಂಬಲ ನಿಲ್ಲಿಸಿದೆ. ಅಲ್ಲಿ ದೋಷ ಹುಡುಕುತ್ತಾ ಸಂಜೆ ಕಳೆಯಬೇಡಿ.

ಕೆಲವು ಬಾಗಿಲ ಹಿಂದೆ ಯಾರೂ ಇಲ್ಲ. ದಿ ಕ್ರೂ ಆಟದ ಸರ್ವರುಗಳನ್ನು ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ನಿಲ್ಲಿಸಿತು. ಒಬ್ಬರೇ ಆಡುವ ಭಾಗವೂ ಸರ್ವರ್ ನಂಬಿದ್ದರಿಂದ ಇಡೀ ಆಟ ಹೋಯಿತು. ಬೇಕೆಂದರೆ ಬಿಡಿಸಲು ಬರುತ್ತದೆ ಎಂಬುದಕ್ಕೆ ಸಿಮ್‌ಸಿಟಿ ಸಾಕ್ಷಿ: 2013ರಲ್ಲಿ ನೆಟ್ ಇಲ್ಲದೆ ಆಗುವುದೇ ಇಲ್ಲ ಎಂದಿದ್ದ ಆಟಕ್ಕೆ 2014ರ ಮಾರ್ಚ್‌ನಲ್ಲಿ ಆಫ್‌ಲೈನ್ ವ್ಯವಸ್ಥೆ ಬಂತು. ಈ ಸಿಟ್ಟಿಗೆ ಕ್ರ್ಯಾಕ್ (ಬೀಗ ಮುರಿದ ಕಳ್ಳ ಪ್ರತಿ) ಹುಡುಕುವವರಿದ್ದಾರೆ. ಸಿಟ್ಟು ನ್ಯಾಯವೇ, ಆದರೆ ಆ ಫೈಲುಗಳ ಜೊತೆ ಬರುವ ಪಾಸ್‌ವರ್ಡ್ ಕಳ್ಳ ನಿಮ್ಮ ಉಳಿದ ಆಟಗಳ ಖಾತೆಯನ್ನೂ ಬ್ಯಾಂಕಿನದನ್ನೂ ಹೊತ್ತೊಯ್ಯುತ್ತಾನೆ.

ಮೇ ತಿಂಗಳ ಕೆಲಸ

ಸೌದೆ ಒಟ್ಟುವ ಹೊತ್ತಿಗೇ ಇದನ್ನೂ ಮಾಡಿ. ಮಳೆಗಾಲದಲ್ಲಿ ಆಡಬೇಕೆಂದಿರುವ ಆಟಗಳನ್ನು ಪೂರ್ತಿ ಅಪ್‌ಡೇಟ್ ಮಾಡಿ, ಪ್ರತಿಯೊಂದನ್ನೂ ನೆಟ್ ಇರುವಾಗ ಒಮ್ಮೆ ತೆರೆದು, ಮೆನು ದಾಟಿ ಆಟದೊಳಗೆ ಹೋಗಿ ಬನ್ನಿ. ಸ್ಟೀಮ್ ಲಾಗಿನ್‌ನಲ್ಲಿ ‘ರಿಮೆಂಬರ್ ಮಿ’ ಗುರುತು ಇರಲಿ. ಯೂಬಿಸಾಫ್ಟ್ ಕನೆಕ್ಟ್, ಇಎ ಆ್ಯಪ್‌ಗಳಲ್ಲೂ ಲಾಗಿನ್ ಉಳಿಸಿ. ಎಪಿಕ್ ಅಂಗಡಿಯ ಲಾಂಚರಿನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಬ್ರೌಸಿಂಗ್ ಆನ್ ಮಾಡಿ. ಮೈಕ್ರೋಸಾಫ್ಟ್ ಸ್ಟೋರಿನ ಆಟಗಳಿಗೆ ನಿಮ್ಮ ಕಂಪ್ಯೂಟರನ್ನು ಆಫ್‌ಲೈನ್ ಸಾಧನವೆಂದು ಗುರುತಿಸಬೇಕು. ಅದನ್ನು ವರ್ಷಕ್ಕೆ ಮೂರು ಸಲವಷ್ಟೇ ಬದಲಿಸಬಹುದು, ನೆಂಟರ ಲ್ಯಾಪ್‌ಟಾಪಿಗೆ ಪೋಲು ಮಾಡಬೇಡಿ. ಸ್ಟೀಮ್‌ನಲ್ಲಿ ಆಟದ ಅಪ್‌ಡೇಟನ್ನು ‘ತೆರೆಯುವಾಗ ಮಾತ್ರ’ ಎಂದಿಟ್ಟರೆ ಅರ್ಧ ಇಳಿದ ಅಪ್‌ಡೇಟ್ ಆಟವನ್ನು ಅಡ್ಡಗಟ್ಟುವುದು ತಪ್ಪುತ್ತದೆ.

ದೊಡ್ಡ ಆಟ ಇಳಿಸಲು ಮನೆಯ ನೆಟ್ ಸಾಲದಿದ್ದರೆ, ಅದೇ ಆಟವಿರುವ ಗೋಣಿಕೊಪ್ಪದ ಗೆಳೆಯನ ಕಂಪ್ಯೂಟರಿನಿಂದ ಸ್ಟೀಮ್‌ಆ್ಯಪ್ಸ್‌ನ ‘ಕಾಮನ್’ ಒಳಗಿರುವ ಆಟದ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ತುಂಬಿ ತನ್ನಿ. ನಿಮ್ಮ ಕಂಪ್ಯೂಟರಿನಲ್ಲಿ ಅದೇ ಜಾಗದಲ್ಲಿಟ್ಟು ಇನ್‌ಸ್ಟಾಲ್ ಒತ್ತಿದರೆ ಇರುವ ಫೈಲುಗಳನ್ನು ಗುರುತಿಸಿ ಮಿಕ್ಕಿದ್ದಷ್ಟೇ ಇಳಿಸುತ್ತದೆ. ಆಟದ ಹಕ್ಕು ನಿಮ್ಮ ಖಾತೆಯಲ್ಲಿ ಇರಲೇಬೇಕು. ಒಂದೇ ಮನೆಯವರು, ಒಂದೇ ವೈಫೈಯಲ್ಲಿದ್ದರೆ ಸ್ಟೀಮ್ ತಾನೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಾಗಿಸುತ್ತದೆ. 2023ರಿಂದ ಆ ಸೌಲಭ್ಯವಿದೆ.

ಹೊಸದು ಕೊಳ್ಳುವಾಗ ಸ್ಟೀಮ್ ಪುಟದ ಬಲಬದಿಯ ಸಣ್ಣ ಪೆಟ್ಟಿಗೆ ಓದಿ. ಬೇರೆ ಖಾತೆ ಬೇಕು, ಡೆನ್ಯೂವೋ ಇದೆ, ನೆಟ್ ಸದಾ ಬೇಕು ಎಂಬುದೆಲ್ಲ ಅಲ್ಲೇ ಬರೆದಿರುತ್ತದೆ. ಕೊಂಡ ಮೇಲೂ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಅಗ್ಗಕ್ಕೆ ಸಿಗುವ ಹೊರದೇಶದ ಕೀಗಳಿಗೆ ಆ ಸೌಲಭ್ಯವೂ ಇಲ್ಲ, ಭಾರತದಲ್ಲಿ ತೆರೆಯುವ ಖಾತ್ರಿಯೂ ಇಲ್ಲ.

ಕೊನೆಗೆ ನಿಜವಾದ ಪರೀಕ್ಷೆ. ರೂಟರ್ ಆಫ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್ ಮುಚ್ಚಿ, ಕಂಪ್ಯೂಟರಿನ ಪ್ಲಗ್ ಕಿತ್ತು ಒಂದು ಗಂಟೆ ಬಿಡಿ. ಮತ್ತೆ ಹಾಕಿ ತಾರೀಖು ನೋಡಿ, ಸ್ಟೀಮನ್ನು ಆಫ್‌ಲೈನ್‌ನಲ್ಲಿ ತೆರೆದು ಒಂದೊಂದೇ ಆಟ ಎಬ್ಬಿಸಿ. ಏಳದ ಆಟದ ಹೆಸರು, ಅದು ನಿಂತ ಕಿಟಕಿ, ಕೋಡ್ ಬರೆದುಕೊಳ್ಳಿ. ಜೂನ್ ಮೊದಲ ವಾರದವರೆಗೂ ನೆಟ್ ಇರುತ್ತದೆ, ಅಷ್ಟರೊಳಗೆ ಆ ಪಟ್ಟಿ ಖಾಲಿ ಮಾಡಿ.